ಮುದಿ ಇಲಿಯ ಕಿಡ್ನಿ ಅಧ್ಯಯನ: ತಳಿ ಆಯ್ಕೆಯಿಂದ ಸ್ಲೈಡ್ ಓದುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮೂರು ತಿಂಗಳ ಹತ್ತು ಇಲಿ, ಎರಡು ವರ್ಷದ ಹತ್ತು ಇಲಿ. ಎರಡೂ ಗುಂಪಿನ ರಕ್ತ ತೆಗೆದು ಕ್ರಿಯೇಟಿನಿನ್ (ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ಕಸ) ನೋಡಿ, ಕಿಡ್ನಿಯ ಸ್ಲೈಡ್ ಮಾಡಿಸಿ, 'ವಯಸ್ಸಾದಂತೆ ಮೂತ್ರಪಿಂಡ ಹಾಳಾಗುತ್ತದೆ' ಎಂದು ಬರೆದರೆ ಪ್ರಬಂಧದ ಒಂದು ಅಧ್ಯಾಯ ಮುಗಿಯಿತು ಎಂದುಕೊಳ್ಳುವವರು ಬಹಳ. ಆದರೆ ಆ ಸ್ಲೈಡಿನಲ್ಲಿ ಕಾಣುವುದೆಲ್ಲ ವಯಸ್ಸಿನ ಗುರುತಲ್ಲ. ಇಲಿಗೆ ತನ್ನದೇ ಆದ ಒಂದು ಕಿಡ್ನಿ ರೋಗವಿದೆ. ಯಾರೂ ಏನೂ ಮಾಡದಿದ್ದರೂ ಅದು ತಾನಾಗಿ ಶುರುವಾಗಿ ವಯಸ್ಸಿನ ಜೊತೆಗೇ ಬೆಳೆಯುತ್ತದೆ. ಕ್ರಾನಿಕ್ ಪ್ರೋಗ್ರೆಸಿವ್ ನೆಫ್ರೋಪತಿ ಎಂಬ ಈ ರೋಗವನ್ನು ಲ್ಯಾಬ್‌ನವರು ಸಿಪಿಎನ್ ಎಂದೇ ಕರೆಯುತ್ತಾರೆ. ಮುಪ್ಪನ್ನೂ ಸಿಪಿಎನ್ ಅನ್ನೂ ಬೇರ್ಪಡಿಸಲು ಆಗದ ಪ್ರಯೋಗದಿಂದ ಮನುಷ್ಯರ ಮುಪ್ಪಿನ ಬಗ್ಗೆ ಏನನ್ನೂ ಹೇಳಲಾಗದು. ಕೆಳಗಿನ ಒಂದೊಂದು ಹಂತವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ಎಂ.ಫಾರ್ಮ, ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳು ಸಿನಾಪ್ಸಿಸ್ ಬರೆಯುವ ಮುಂಚೆಯೇ ಇದನ್ನು ಓದಿದರೆ ಹೆಚ್ಚು ಉಪಯೋಗ.

ಹಂತ 1: ತಳಿ, ಲಿಂಗ, ವಯಸ್ಸು

ಇಡೀ ಅಧ್ಯಯನದ ಹಣೆಬರಹ ಇಲ್ಲೇ ನಿರ್ಧಾರವಾಗುತ್ತದೆ. ಸ್ಪ್ರಾಗ್-ಡಾಲಿ ಮತ್ತು ಫಿಶರ್ 344 ತಳಿಯ ಗಂಡು ಇಲಿಗಳಿಗೆ ಸಿಪಿಎನ್ ಬಲು ಬೇಗ, ಬಲು ಜೋರಾಗಿ ಬರುತ್ತದೆ. ಮೊದಲ ಕುರುಹುಗಳು ಎರಡು-ಮೂರು ತಿಂಗಳ ಪ್ರಾಯದಲ್ಲೇ ಕಾಣಬಹುದು. ಎರಡು ವರ್ಷ ತುಂಬುವ ಹೊತ್ತಿಗೆ ಕಿಡ್ನಿ ವೈಫಲ್ಯದಿಂದಲೇ ಸಾಯುವ ಇಲಿಗಳೂ ಇವೆ. ಬ್ರೌನ್ ನಾರ್ವೆ ಇಲಿಗಳು ಇದನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಫಿಶರ್ ಮತ್ತು ಬ್ರೌನ್ ನಾರ್ವೆ ಕೂಡಿಸಿ ಪಡೆದ ಮೊದಲ ಪೀಳಿಗೆಯ ಮಿಶ್ರತಳಿ ಹೆಚ್ಚು ಕಾಲ ಬದುಕುತ್ತದೆ. ಅಮೆರಿಕದ ರಾಷ್ಟ್ರೀಯ ಮುಪ್ಪು ಸಂಶೋಧನಾ ಸಂಸ್ಥೆ ತನ್ನ ವಯಸ್ಸಾದ ಇಲಿಗಳ ಸಾಕಣೆಯಲ್ಲಿ ಫಿಶರ್, ಬ್ರೌನ್ ನಾರ್ವೆ, ಈ ಮಿಶ್ರತಳಿ ಮೂರನ್ನೂ ಇಟ್ಟುಕೊಂಡು ಬಂದಿದೆ.

ನಮ್ಮಲ್ಲಿ ಸುಲಭವಾಗಿ ಸಿಗುವುದು ವಿಸ್ಟಾರ್ ಮತ್ತು ಸ್ಪ್ರಾಗ್-ಡಾಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಶಕಗಳಿಂದ ಉಳಿಸಿಕೊಂಡು ಬಂದಿರುವ ವಿಸ್ಟಾರ್ ಸಾಲು ದೇಶದ ಅನೇಕ ಲ್ಯಾಬ್‌ಗಳಿಗೆ ಪರಿಚಿತ. ಆ ಸಾಲಿನಿಂದಲೇ ಹುಟ್ಟಿದ ಬೊಜ್ಜಿನ ರೂಪಾಂತರ ಇಲಿಗಳೂ ಅಲ್ಲಿವೆ. ಅವನ್ನು ಸಹಜ ಮುಪ್ಪಿನ ಅಧ್ಯಯನಕ್ಕೆ ಬಳಸಬೇಡಿ, ಅವುಗಳ ಕಥೆಯೇ ಬೇರೆ.

ಗಂಡು-ಹೆಣ್ಣಿನ ವ್ಯತ್ಯಾಸ ಸಣ್ಣದಲ್ಲ. 1994ರಲ್ಲಿ ಮ್ಯೂನಿಕ್-ವಿಸ್ಟಾರ್ ಇಲಿಗಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಗ್ಲೊಮೆರುಲಸ್‌ನ (ಕಿಡ್ನಿಯಲ್ಲಿ ರಕ್ತ ಸೋಸುವ ಸೂಕ್ಷ್ಮನಾಳಗಳ ಉಂಡೆ) ಗಾಯ ಗಂಡುಗಳಲ್ಲೇ ಎದ್ದು ಕಂಡಿತು. ಬೀಜ ತೆಗೆದ ಗಂಡುಗಳು ಪಾರಾದವು. ಗ್ಲೊಮೆರುಲಸ್ ಒಳಗಿನ ಒತ್ತಡ ಹೆಚ್ಚುವುದೇ ಗಾಯಕ್ಕೆ ಕಾರಣ ಎಂಬ ಆಗಿನ ಪ್ರಬಲ ವಾದಕ್ಕೆ ಆ ಫಲಿತಾಂಶ ಹೊಂದಲಿಲ್ಲ. 'ಗಂಡು ಇಲಿ ಮಾತ್ರ, ಏಕೆಂದರೆ ಹಾರ್ಮೋನ್ ಏರಿಳಿತ ಇರುವುದಿಲ್ಲ' ಎಂಬ ಸಿದ್ಧ ವಾಕ್ಯವನ್ನು ಕಿಡ್ನಿಯ ಅಧ್ಯಯನದಲ್ಲಿ ಬರೆಯುವ ಮುಂಚೆ ಎರಡು ಸಲ ಯೋಚಿಸಿ. ಗಂಡನ್ನು ಆರಿಸಿದ ಗಳಿಗೆಯಲ್ಲೇ ಸಿಪಿಎನ್ ಅನ್ನೂ ಆರಿಸಿಕೊಂಡಿರುತ್ತೀರಿ. ಅನುಕೂಲವಿದ್ದರೆ ಎರಡೂ ಲಿಂಗ ಇಡಿ. ಒಂದೇ ಸಾಧ್ಯ ಎಂದಾದರೆ ಮುಪ್ಪಿನ ಪ್ರಶ್ನೆಗೆ ಹೆಣ್ಣೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ವಯಸ್ಸಿಗೆ ಎರಡು ಬಿಂದು ಸಾಲದು. ಕನಿಷ್ಠ ಮೂರು ಬೇಕು: 4 ತಿಂಗಳು, 12 ತಿಂಗಳು, 24 ತಿಂಗಳು. ಎರಡು ತಿಂಗಳ ಇಲಿ ಇನ್ನೂ ಭರದಿಂದ ಬೆಳೆಯುತ್ತಿರುತ್ತದೆ. ಅದನ್ನು ಯುವ ಗುಂಪು ಎಂದು ಹಿಡಿದರೆ ನೀವು ಅಳೆಯುವುದು ಬೆಳವಣಿಗೆಯನ್ನು, ಮುಪ್ಪನ್ನಲ್ಲ. 12 ತಿಂಗಳ ಗುಂಪು ಇಲ್ಲದಿದ್ದರೆ ಬದಲಾವಣೆ ನಿಧಾನವಾಗಿ ಬಂತೋ ಕೊನೆಗೆ ಒಮ್ಮೆಲೇ ಬಂತೋ ತಿಳಿಯುವುದಿಲ್ಲ.

ಹಂತ 2: ಅನುಮತಿ ಮತ್ತು ಎಷ್ಟು ಇಲಿ ಎಂಬ ಲೆಕ್ಕ

ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಬರುವ ಕೇಂದ್ರ ಸಮಿತಿಯನ್ನು ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದರು, ಈಗ ಸಿಸಿಎಸ್‌ಇಎ. ಅರ್ಜಿ ಫಾರ್ಮ್ ಬಿ.

ಅರ್ಜಿಯಲ್ಲಿ ಎಲ್ಲರೂ ಎಡವುವ ಜಾಗ ಸಂಖ್ಯೆ. ಕೊನೆಯಲ್ಲಿ 24 ತಿಂಗಳ 10 ಇಲಿ ಬೇಕೆಂದರೆ 10 ಇಲಿಯಿಂದ ಶುರು ಮಾಡಿ ಪ್ರಯೋಜನವಿಲ್ಲ. ಹೊಟ್ಟೆ ತುಂಬ ತಿಂದು ಬೆಳೆದ ಸ್ಪ್ರಾಗ್-ಡಾಲಿ ಇಲಿಗಳಲ್ಲಿ ಎರಡು ವರ್ಷಕ್ಕೆ ಅರ್ಧದಷ್ಟೂ ಉಳಿಯದಿರುವುದು ಸಾಮಾನ್ಯ. ಅರ್ಧ ಉಳಿಯುತ್ತವೆ ಎಂದಿಟ್ಟುಕೊಂಡರೂ 20 ಬೇಕು. ಉಳಿದವುಗಳಲ್ಲಿ ಪಿಟ್ಯುಟರಿ ಗಡ್ಡೆ, ಹೆಣ್ಣುಗಳಲ್ಲಿ ಸ್ತನದ ಗಡ್ಡೆ, ಫಿಶರ್ ತಳಿಯಾದರೆ ಲ್ಯುಕೇಮಿಯಾ ಎಂದು ಕೆಲವನ್ನು ಕೈಬಿಡಬೇಕಾಗುತ್ತದೆ. ಈ ಲೆಕ್ಕವನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಿರಿ. ಯಾವ ಸ್ಥಿತಿ ತಲುಪಿದ ಇಲಿಯನ್ನು ನೋವಿಲ್ಲದೆ ಕೊನೆಗಾಣಿಸುತ್ತೀರಿ ಎಂಬುದನ್ನೂ ಬರೆಯಿರಿ: ಎಷ್ಟು ತೂಕ ಇಳಿದರೆ, ಗಡ್ಡೆ ಎಷ್ಟು ದೊಡ್ಡದಾದರೆ, ನಡೆಯಲಾಗದಿದ್ದರೆ. ಎರಡು ವರ್ಷದ ಸಾಕಣೆಗೆ ದಿನಕ್ಕಿಷ್ಟು ಎಂದು ತಗಲುವ ಖರ್ಚನ್ನು ಗೈಡ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಫೆಲೋಶಿಪ್ ಮುಗಿದ ಮೇಲೂ ಇಲಿಗಳು ತಿನ್ನುತ್ತಲೇ ಇರುತ್ತವೆ.

ಹಂತ 3: ಮೇವು

ಮುದಿ ಇಲಿಯ ಕಿಡ್ನಿಯನ್ನು ಬದಲಿಸುವ ಅತಿ ದೊಡ್ಡ ಬಾಹ್ಯ ಅಂಶ ಆಹಾರ. ಕಡಿಮೆ ಕ್ಯಾಲರಿ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ತಂಡ 1935ರಲ್ಲೇ ತೋರಿಸಿತ್ತು. ಇಂಥ ಇಲಿಗಳ ಕಿಡ್ನಿಯೂ ಚೆನ್ನಾಗಿ ಉಳಿಯುತ್ತದೆ, ಸಿಪಿಎನ್ ಬಹಳ ತಡವಾಗುತ್ತದೆ. ಪ್ರೋಟೀನ್ ಎಷ್ಟು ಎಂಬುದರ ಜೊತೆಗೆ ಯಾವ ಪ್ರೋಟೀನ್ ಎಂಬುದೂ ಲೆಕ್ಕಕ್ಕೆ ಬರುತ್ತದೆ: ಫಿಶರ್ ಇಲಿಗಳಿಗೆ ಹಾಲಿನ ಪ್ರೋಟೀನಾದ ಕೇಸಿನ್ ಬದಲು ಸೋಯಾ ಪ್ರೋಟೀನ್ ಕೊಟ್ಟಾಗ ಕಿಡ್ನಿಯ ಗಾಯ ಕಡಿಮೆಯಾಯಿತು.

ಹಾಗಾಗಿ ಮೇವಿನ ಬ್ರ್ಯಾಂಡ್ ಬರೆದರೆ ಸಾಲದು. ಪ್ರೋಟೀನಿನ ಶೇಕಡಾವಾರು, ಅದರ ಮೂಲ, ಕ್ಯಾಲ್ಸಿಯಂ-ರಂಜಕದ ಪ್ರಮಾಣ ಗೊತ್ತಿರಬೇಕು. ಲ್ಯಾಬ್ ಇಲಿಗಳಿಗೆಂದು ಮಾಡಿದ ಹಳೆಯ ಎಐಎನ್-76ಎ ಎಂಬ ಪ್ರಮಾಣಿತ ಸೂತ್ರದ ಮೇವಿನಲ್ಲಿ ಈ ಕೊನೆಯ ಪ್ರಮಾಣ ಸರಿಯಿಲ್ಲದೆ ಹೆಣ್ಣು ಇಲಿಗಳ ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತಿತ್ತು. 1993ರ ಹೊಸ ಸೂತ್ರ ಬಂದದ್ದಕ್ಕೆ ಅದೂ ಒಂದು ಕಾರಣ. ಅದರಲ್ಲಿ ಬೆಳವಣಿಗೆಯ ಮರಿಗಳಿಗೆ ಜಿ, ಬೆಳೆದ ಇಲಿಗಳಿಗೆ ಎಂ ಎಂದು ಎರಡು ಬಗೆ. ಎಂ ಬಗೆಯಲ್ಲಿ ಕೇಸಿನ್ ಕಡಿಮೆ. ದೀರ್ಘಕಾಲದ ಅಧ್ಯಯನಕ್ಕೆ ಬೇಕಾದದ್ದು ಅದೇ.

ಮಧ್ಯದಲ್ಲಿ ಮೇವು ಬದಲಿಸಬೇಡಿ. ಟೆಂಡರ್ ಬದಲಾಯಿತು, ಸಪ್ಲೈಯರ್ ಬದಲಾದ ಎಂಬ ಕಾರಣಕ್ಕೆ ಹದಿನೈದನೇ ತಿಂಗಳಲ್ಲಿ ಬೇರೆ ಮೇವು ಬಂದರೆ ನಿಮ್ಮ ಮುದಿ ಗುಂಪು ತಿಂದದ್ದು ಒಂದು, ಯುವ ಗುಂಪು ತಿಂದದ್ದು ಇನ್ನೊಂದು.

ಹಂತ 4: ಮೂತ್ರ ಸಂಗ್ರಹ

ಮೆಟಬಾಲಿಕ್ ಪಂಜರದಲ್ಲಿ ಇಲಿಯನ್ನು ಒಂಟಿಯಾಗಿ ಬಿಟ್ಟು 24 ಗಂಟೆಯ ಮೂತ್ರ ಹಿಡಿಯಬೇಕು. ಹೊಸ ಜಾಗ, ಕಾಲಡಿ ತಂತಿ ಜಾಲರಿ. ಮೊದಲ ದಿನ ಇಲಿ ಸರಿಯಾಗಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಎರಡು-ಮೂರು ದಿನ ಅಭ್ಯಾಸ ಮಾಡಿಸಿ ಆಮೇಲಿನ ದಿನದ ಮೂತ್ರವನ್ನೇ ತೆಗೆದುಕೊಳ್ಳಿ. ಭಾರದ ಮುದಿ ಇಲಿಗಳ ಪಾದ ಜಾಲರಿಯ ಮೇಲೆ ಹುಣ್ಣಾಗಬಹುದು, ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚು ಬಿಡಬೇಡಿ. ಇಲಿ ಕುಡಿಯುವುದೂ ಮೂತ್ರ ಮಾಡುವುದೂ ಹೆಚ್ಚಾಗಿ ರಾತ್ರಿ, ಆದ್ದರಿಂದ ಹಗಲಿನ ಆರು ಗಂಟೆಯ ಮೂತ್ರವನ್ನು ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡ.

ನೀರಿನ ಬಾಟಲಿ ತೊಟ್ಟಿಕ್ಕಿ ಮೂತ್ರಕ್ಕೆ ಬಿದ್ದರೆ ಮುದಿ ಇಲಿ ಮೂತ್ರವನ್ನು ತೆಳುವಾಗಿಸುತ್ತಿದೆ ಎಂಬ ಸುಳ್ಳು ಫಲಿತಾಂಶ ಸಿಗುತ್ತದೆ. ಇದನ್ನು ಹಿಡಿಯಲು ಒಂದು ಉಪಾಯವಿದೆ. ಒಂದು ಇಲಿ ದಿನಕ್ಕೆ ಹೊರಹಾಕುವ ಒಟ್ಟು ಕ್ರಿಯೇಟಿನಿನ್ ಹೆಚ್ಚುಕಡಿಮೆ ಸ್ಥಿರ. ನೀರು ಬೆರೆತರೆ ಪ್ರಮಾಣ ಹೆಚ್ಚಿದರೂ ಒಟ್ಟು ಕ್ರಿಯೇಟಿನಿನ್ ಅಷ್ಟೇ ಇರುತ್ತದೆ. ಮೂತ್ರ ಸೋರಿಹೋಗಿದ್ದರೆ ಒಟ್ಟು ಕ್ರಿಯೇಟಿನಿನ್ ಕೂಡ ಇಳಿಯುತ್ತದೆ. ಎರಡು ದಿನ ಸಂಗ್ರಹಿಸಿ ಹೋಲಿಸಿದರೆ ಯಾವುದು ಏನೆಂದು ಗೊತ್ತಾಗುತ್ತದೆ.

ಸಂಗ್ರಹದ ಬಾಟಲಿ ತಣ್ಣಗಿರಲಿ. ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) ನೋಡುವುದಿದ್ದರೆ ಮಾದರಿಯನ್ನು ಮೈನಸ್ 20ರಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅಳತೆ ಕಡಿಮೆ ಬರುತ್ತದೆ. ಮೈನಸ್ 80 ಬೇಕು.

ಹಂತ 5: ಸೋಸುವ ವೇಗ, ಅಂದರೆ ಜಿಎಫ್‌ಆರ್

ಬರೀ ರಕ್ತದ ಕ್ರಿಯೇಟಿನಿನ್ ನಂಬಬೇಡಿ. ಮುದಿ ಇಲಿಯ ಸ್ನಾಯು ಕರಗಿರುತ್ತದೆ, ಕ್ರಿಯೇಟಿನಿನ್ ಹುಟ್ಟುವುದೇ ಕಡಿಮೆ. ಸೋಸುವ ಶಕ್ತಿ ಇಳಿದಿದ್ದರೂ ರಕ್ತದ ಅಂಕಿ ಏರದೆ ಇರಬಹುದು. ರಕ್ತದ ಯೂರಿಯಾ ಇನ್ನೂ ಅಸ್ಥಿರ, ಹಿಂದಿನ ದಿನ ತಿಂದ ಪ್ರೋಟೀನಿನ ಮೇಲೆ ನಿಂತಿರುತ್ತದೆ. ಕ್ರಿಯೇಟಿನಿನ್ ಅಳೆಯಲು ಬಣ್ಣ ನೋಡಿ ಅಳೆಯುವ ಹಳೆಯ ಜಾಫೆ ಕಿಟ್ ಬಳಸಿದರೆ ಇಲಿಯ ಪ್ಲಾಸ್ಮಾದಲ್ಲಿರುವ ಬೇರೆ ವಸ್ತುಗಳೂ ಬಣ್ಣ ಕೊಡುತ್ತವೆ. ಇಲಿಯ ಕ್ರಿಯೇಟಿನಿನ್ ಮೊದಲೇ ಅಲ್ಪ, ಅದರಲ್ಲಿ ಈ ಸುಳ್ಳು ಪಾಲು ದೊಡ್ಡದಾಗುತ್ತದೆ. ಎಂಜೈಮ್ ಕಿಟ್ ದುಬಾರಿಯಾದರೂ ಅದನ್ನೇ ತರಿಸಿ.

ಕ್ಲಿಯರೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಪ್ಲಾಸ್ಮಾ ಕ್ರಿಯೇಟಿನಿನ್ ಕಳೆದು ಶುದ್ಧವಾಗುತ್ತದೆ ಎಂಬ ಲೆಕ್ಕ, ಸುಲಭ. ಮೂತ್ರದ ಕ್ರಿಯೇಟಿನಿನ್ ಸಾಂದ್ರತೆಯನ್ನು ಮೂತ್ರದ ಪ್ರಮಾಣದಿಂದ ಗುಣಿಸಿ, ರಕ್ತದ ಸಾಂದ್ರತೆಯಿಂದ ಭಾಗಿಸಿ, 24 ಗಂಟೆಯ 1,440 ನಿಮಿಷದಿಂದ ಮತ್ತೆ ಭಾಗಿಸಬೇಕು. ವಿಧಾನ ತೋರಿಸಲೆಂದೇ ಇಟ್ಟುಕೊಂಡ ಅಂಕಿಗಳಿವು:

ಯುವ ಇಲಿ, ತೂಕ 350 ಗ್ರಾಂ. ಮೂತ್ರ 14 ಮಿ.ಲೀ., ಅದರಲ್ಲಿ ಕ್ರಿಯೇಟಿನಿನ್ ಡೆಸಿಲೀಟರಿಗೆ 90 ಮಿ.ಗ್ರಾಂ., ರಕ್ತದಲ್ಲಿ 0.4. ಕ್ಲಿಯರೆನ್ಸ್ ನಿಮಿಷಕ್ಕೆ 2.19 ಮಿ.ಲೀ.

ಮುದಿ ಇಲಿ, ತೂಕ 500 ಗ್ರಾಂ. ಮೂತ್ರ 24 ಮಿ.ಲೀ., ಕ್ರಿಯೇಟಿನಿನ್ 60, ರಕ್ತದಲ್ಲಿ 0.6. ಕ್ಲಿಯರೆನ್ಸ್ 1.67 ಮಿ.ಲೀ.

ಇಡೀ ಇಲಿಗೆ ನೋಡಿದರೆ ಇಳಿಕೆ ಸುಮಾರು ಶೇ. 24. ಅದೇ ಅಂಕಿಯನ್ನು 100 ಗ್ರಾಂ ದೇಹತೂಕಕ್ಕೆ ಬರೆದರೆ 0.63ರಿಂದ 0.33ಕ್ಕೆ, ಅಂದರೆ ಶೇ. 47 ಇಳಿಕೆ. ಕಿಡ್ನಿ ಅದೇ, ರಕ್ತ ಅದೇ, ಇಳಿಕೆ ಮಾತ್ರ ಇಮ್ಮಡಿ. ಹೆಚ್ಚಾದ 150 ಗ್ರಾಮಿನಲ್ಲಿ ಬಹುಪಾಲು ಕೊಬ್ಬು. ಆ ಕೊಬ್ಬಿನ ತಪ್ಪನ್ನು ಕಿಡ್ನಿಯ ತಲೆಗೆ ಕಟ್ಟಿದಂತಾಯಿತು. ಆದ್ದರಿಂದ ಇಡೀ ಪ್ರಾಣಿಯ ಅಂಕಿ, ಪ್ರತಿ ಗ್ರಾಂ ಕಿಡ್ನಿಯ ಅಂಕಿ ಎರಡನ್ನೂ ಕೊಡಿ. ಗಾತ್ರಕ್ಕೆ ಹೊಂದಿಸಲೇಬೇಕಿದ್ದರೆ ಕಾಲಿನ ಟಿಬಿಯಾ ಮೂಳೆಯ ಉದ್ದ ತೂಕಕ್ಕಿಂತ ನಂಬಿಕಸ್ಥ.

ಹಣವಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಹೊಳೆಯುವ ಬಣ್ಣ ಕಟ್ಟಿದ ಸಿನಿಸ್ಟ್ರಿನ್ (ಕಿಡ್ನಿ ಸೋಸಿ ಹೊರಹಾಕುವ ಒಂದು ವಸ್ತು) ಅನ್ನು ರಕ್ತನಾಳಕ್ಕೆ ಕೊಟ್ಟು, ಬೆನ್ನಿನ ಕೂದಲು ತೆಗೆದು ಅಂಟಿಸಿದ ಪುಟ್ಟ ಸಾಧನದಿಂದ ಅದು ರಕ್ತದಿಂದ ಮಾಯವಾಗುವ ವೇಗ ಅಳೆಯುವುದು. ಅಳತೆಯ ಹೊತ್ತಿನಲ್ಲಿ ಇಲಿ ಎಚ್ಚರವಾಗಿ ಓಡಾಡಿಕೊಂಡಿರುತ್ತದೆ, ಅದೇ ಇಲಿಯನ್ನು ಮತ್ತೆ ಆರು ತಿಂಗಳಿಗೆ ಅಳೆಯಬಹುದು. ಅರಿವಳಿಕೆಯಲ್ಲಿ ಅಂಥದೇ ವಸ್ತುವಾದ ಇನುಲಿನ್‌ನ ಕ್ಲಿಯರೆನ್ಸ್ ಮಾಡುವವರು ಅರಿವಳಿಕೆಯೇ ಜಿಎಫ್‌ಆರ್ ಇಳಿಸುತ್ತದೆ ಎಂಬುದನ್ನು ನೆನಪಿಡಬೇಕು. ಝೈಲಝಿನ್ ಅಂತೂ ಸಕ್ಕರೆ ಏರಿಸಿ ಮೂತ್ರ ಹೆಚ್ಚಿಸುತ್ತದೆ.

ಹಂತ 6: ಪ್ರೋಟೀನ್ ಸೋರಿಕೆ

ಮೂತ್ರದ ಒಟ್ಟು ಪ್ರೋಟೀನ್ ಅಳೆದು ಗಂಡು ಇಲಿಗೆ ಕಿಡ್ನಿ ಕಾಯಿಲೆ ಎನ್ನುವಂತಿಲ್ಲ. ಆರೋಗ್ಯವಂತ ಪ್ರಾಯದ ಗಂಡಿನ ಯಕೃತ್ತು ಆಲ್ಫಾ-2ಯು-ಗ್ಲಾಬ್ಯುಲಿನ್ ಎಂಬ ಸಣ್ಣ ಪ್ರೋಟೀನನ್ನು ತಯಾರಿಸುತ್ತದೆ, ಅದು ಸಹಜವಾಗಿಯೇ ಮೂತ್ರಕ್ಕೆ ಇಳಿಯುತ್ತದೆ. ಮುಪ್ಪಿನಲ್ಲಿ ಅದರ ತಯಾರಿ ಕುಗ್ಗುತ್ತದೆ, ಅದೇ ಹೊತ್ತಿಗೆ ಗ್ಲೊಮೆರುಲಸ್‌ನಿಂದ ಆಲ್ಬುಮಿನ್ ಸೋರುವುದು ಹೆಚ್ಚುತ್ತದೆ. ಒಟ್ಟು ಪ್ರೋಟೀನಿನಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಇಲಿಗೆಂದೇ ಇರುವ ಆಲ್ಬುಮಿನ್ ಎಲೈಸಾ (ಆಂಟಿಬಾಡಿಯಿಂದ ಅಳೆಯುವ ಪರೀಕ್ಷೆ) ಬಳಸಿ, ಫಲಿತಾಂಶವನ್ನು 24 ಗಂಟೆಗೆ ಇಷ್ಟು ಎಂದು ಬರೆಯಿರಿ. ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಒಂದನ್ನೇ ನೆಚ್ಚಿಕೊಂಡರೆ ಕರಗಿದ ಸ್ನಾಯು ಮತ್ತೆ ಅಡ್ಡ ಬರುತ್ತದೆ. ಮನುಷ್ಯರ ಡಿಪ್‌ಸ್ಟಿಕ್ ಇಲ್ಲಿಗೆ ಬೇಡವೇ ಬೇಡ.

ಹಂತ 7: ಮೂತ್ರ ಗಟ್ಟಿಮಾಡುವ ಶಕ್ತಿ

ರೋಗವಿಲ್ಲದ ಮುಪ್ಪು ಹೇಗಿರುತ್ತದೆ ಎಂದು ನೋಡಬೇಕಾದರೆ ಇದೇ ಒಳ್ಳೆಯ ಕಿಟಕಿ. 2000ದಲ್ಲಿ ಪ್ರಕಟವಾದ ಫ್ರೆಂಚ್ ತಂಡದ ಅಧ್ಯಯನದಲ್ಲಿ ಡಬ್ಲ್ಯುಎಜಿ/ಆರ್‌ಐಜೆ ತಳಿಯ 10 ಮತ್ತು 30 ತಿಂಗಳ ಹೆಣ್ಣು ಇಲಿಗಳನ್ನು ಹೋಲಿಸಿದರು. ಈ ತಳಿಯಲ್ಲಿ ಗ್ಲೊಮೆರುಲಸ್ ಗಾಯ ಕಡಿಮೆ. ಆದರೂ ಮುದಿ ಇಲಿಗಳ ಮೂತ್ರ ಹೆಚ್ಚಾಗಿತ್ತು, ತೆಳುವಾಗಿತ್ತು. ಕಲೆಕ್ಟಿಂಗ್ ಡಕ್ಟ್‌ನಲ್ಲಿ (ಮೂತ್ರ ಕೊನೆಗೆ ಹರಿಯುವ ನಾಳ) ನೀರು ಹೀರುವ ಪ್ರೋಟೀನುಗಳಾದ ಅಕ್ವಾಪೋರಿನ್-2 ಮತ್ತು 3 ಕುಗ್ಗಿದ್ದವು. ನೀರು ಉಳಿಸಲು ಕಿಡ್ನಿಗೆ ಹೇಳುವ ಹಾರ್ಮೋನಾದ ವ್ಯಾಸೋಪ್ರೆಸಿನ್ ಕೊರತೆಯಿಂದ ಆದದ್ದಲ್ಲ ಅದು. ಗಾಯದ ಕಲೆ ಇಲ್ಲದೆಯೂ ಕೆಲಸ ಕುಂದಬಹುದು ಎಂಬುದಕ್ಕೆ ಇದಕ್ಕಿಂತ ಸ್ವಚ್ಛ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂತ್ರ ಎಷ್ಟು ಗಟ್ಟಿ ಎಂದು ಅಳೆಯುವ ಆಸ್ಮೋಮೀಟರಿನಲ್ಲಿ ಮೊದಲು ಸಹಜ ಮೂತ್ರ ನೋಡಿ, ಆಮೇಲೆ ನಿಗದಿತ ಗಂಟೆ ನೀರು ತೆಗೆದು ಮತ್ತೆ ನೋಡಿ. ಯುವ ಇಲಿ 2,500 ಮಿಲಿಆಸ್ಮೋಲ್ ದಾಟಬಲ್ಲದು. ಮನುಷ್ಯರ ಗರಿಷ್ಠ ಸುಮಾರು 1,200. ಮುದಿ ಇಲಿ ನೀರಿಲ್ಲದೆ ಬೇಗ ಬಳಲುತ್ತದೆ. ತೂಕವನ್ನು ಮತ್ತೆ ಮತ್ತೆ ನೋಡುತ್ತಾ, ಸಮಿತಿ ಒಪ್ಪಿದ ಮಿತಿ ಮುಟ್ಟಿದ ಕೂಡಲೇ ನೀರು ಕೊಡಿ. ಅತಿಯಾಗಿ ಕುಡಿಯುವ ಇಲಿ ಸಿಕ್ಕರೆ ಕೊನೆಯಲ್ಲಿ ಪಿಟ್ಯುಟರಿ ತೆಗೆದು ಗಡ್ಡೆ ಇದೆಯೇ ಎಂದು ನೋಡದೆ ಕಿಡ್ನಿಯನ್ನು ದೂರಬೇಡಿ.

ಹಂತ 8: ಅಂಗಾಂಶ ತೆಗೆಯುವುದು

ಕಿಡ್ನಿ ಹೊರತೆಗೆದ ಮೇಲೆ ಕೊಬ್ಬು, ಕವಚ ಬಿಡಿಸಿ ತೂಗಿ. ಮೇಲ್ಮೈ ನೋಡಿ ಬರೆದುಕೊಳ್ಳಿ: ನುಣುಪಾಗಿ ಕಂದುಗೆಂಪಾಗಿದೆಯೋ, ಪೇಲವವಾಗಿ ಹರಳುಹರಳಾಗಿದೆಯೋ. ಒಂದು ಕಿಡ್ನಿಯ ಅರ್ಧ ಹತ್ತು ಶೇಕಡಾ ತಟಸ್ಥ ಫಾರ್ಮಲಿನ್‌ಗೆ ಹೋಗಲಿ. ಉಳಿದರ್ಧದಲ್ಲಿ ಕಾರ್ಟೆಕ್ಸ್ (ಹೊರಪದರ) ಮತ್ತು ಮೆಡುಲ್ಲಾ (ಒಳಭಾಗ) ಬೇರ್ಪಡಿಸಿ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ. ಒಟ್ಟಿಗೆ ಅರೆದರೆ ಅಕ್ವಾಪೋರಿನ್‌ನಂಥ ಮೆಡುಲ್ಲಾದ ಬದಲಾವಣೆ ಕಾರ್ಟೆಕ್ಸಿನಲ್ಲಿ ಕಳೆದುಹೋಗುತ್ತದೆ. ಇಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಳಸುವವರು ಮಹಾಧಮನಿಯ ಮೂಲಕ ಪರ್ಫ್ಯೂಷನ್ (ಅಂಗಾಂಶ ಕೆಡದಂತೆ ಹಿಡಿದಿಡುವ ದ್ರವ ಹರಿಸುವುದು) ಮಾಡಲೇಬೇಕು, ಇಲ್ಲದಿದ್ದರೆ ಟ್ಯೂಬುಲ್‌ಗಳು (ಮೂತ್ರ ಹರಿಯುವ ಸೂಕ್ಷ್ಮ ಕೊಳವೆಗಳು) ಕುಸಿದು ಕುಳಿತಿರುತ್ತವೆ.

ಹಂತ 9: ಸ್ಲೈಡ್ ಓದುವುದು

ಮೂರು ಮೈಕ್ರಾನ್ ತೆಳುವಿನ ಸೆಕ್ಷನ್, ಪೊರೆಗಳನ್ನು ಗುಲಾಬಿಯಾಗಿಸುವ ಪಿಎಎಸ್ ಸ್ಟೇನ್. ಫೈಬ್ರೋಸಿಸ್‌ಗೆ (ನಾರುಗಟ್ಟುವಿಕೆ) ಮ್ಯಾಸನ್ ಟ್ರೈಕ್ರೋಮ್ ಅಥವಾ ಸಿರಿಯಸ್ ರೆಡ್.

ಮೊದಲು ಕಡಿಮೆ ಹಿಗ್ಗಿಕೆಯಲ್ಲಿ ಇಡೀ ಸೆಕ್ಷನ್ ಮೇಲೆ ಕಣ್ಣಾಡಿಸಿ. ಸಿಪಿಎನ್ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ನೀಲಿಯಾಗಿ ಕಾಣುವ ಟ್ಯೂಬುಲ್‌ಗಳ ಗುಂಪು ಇರುತ್ತದೆ. ಅವುಗಳ ಕೋಶಕೇಂದ್ರಗಳು ಒತ್ತೊತ್ತಾಗಿ, ಸುತ್ತಲಿನ ಬೇಸ್‌ಮೆಂಟ್ ಪೊರೆ ದಪ್ಪವಾಗಿ ಪಿಎಎಸ್‌ನಲ್ಲಿ ಕಡುಗುಲಾಬಿ ಗೆರೆಯಂತೆ ಎದ್ದು ಕಾಣುತ್ತದೆ. ಪಕ್ಕದ ಟ್ಯೂಬುಲ್ ಪೂರ್ತಿ ಸಹಜವಾಗಿರಬಹುದು. ಮುಂದುವರಿದಂತೆ ಕೆಲವು ಟ್ಯೂಬುಲ್ ಹಿಗ್ಗಿ, ಗೋಡೆ ತೆಳುವಾಗಿ, ಒಳಗೆಲ್ಲ ಗುಲಾಬಿ ಬಣ್ಣದ ಪ್ರೋಟೀನ್ ಗಟ್ಟಿ ತುಂಬಿಕೊಳ್ಳುತ್ತದೆ. ನಡುವಿನ ಜಾಗದಲ್ಲಿ ಲಿಂಫೋಸೈಟ್‌ಗಳು ಸೇರುತ್ತವೆ. ಕೊನೆಯ ಹಂತದಲ್ಲಿ ಸಹಜ ಟ್ಯೂಬುಲ್ ಹುಡುಕಬೇಕಾಗುತ್ತದೆ. ಅಂಥ ಇಲಿಯ ಪ್ಯಾರಾಥೈರಾಯ್ಡ್ ದೊಡ್ಡದಾಗಿ, ಜಠರದ ಗೋಡೆಯಲ್ಲಿ ಸುಣ್ಣ ಕಟ್ಟಿರುವುದೂ ಉಂಟು. ಒಂದೊಂದು ಇಲಿಗೂ ಸಿಪಿಎನ್ ದರ್ಜೆ ಬರೆದಿಡಿ. ಕೊನೆಯ ವಿಶ್ಲೇಷಣೆಯಲ್ಲಿ ಇದು ವಯಸ್ಸಿನಷ್ಟೇ ಮುಖ್ಯವಾದ ಕಾಲಂ.

ಆಮೇಲೆ ಗ್ಲೊಮೆರುಲಸ್. ಒಂದು ಇಲಿಗೆ 100 ಗ್ಲೊಮೆರುಲಸ್ ನೋಡಿ, ಗಾಯದ ಪಾಲಿಗೆ ತಕ್ಕಂತೆ ಅಂಕ ಕೊಡಿ: ಗಾಯವಿಲ್ಲದಿದ್ದರೆ 0, ಕಾಲುಭಾಗದವರೆಗೆ 1, ಅರ್ಧದವರೆಗೆ 2, ಮುಕ್ಕಾಲಿನವರೆಗೆ 3, ಅದಕ್ಕೂ ಮೇಲೆ 4. 60ಕ್ಕೆ ಸೊನ್ನೆ, 20ಕ್ಕೆ ಒಂದು, 10ಕ್ಕೆ ಎರಡು, 6ಕ್ಕೆ ಮೂರು, 4ಕ್ಕೆ ನಾಲ್ಕು ಬಂದರೆ ಮೊತ್ತ 74, ಸೂಚ್ಯಂಕ 0.74. ಹೊರ ಕಾರ್ಟೆಕ್ಸ್ ಮತ್ತು ಮೆಡುಲ್ಲಾಕ್ಕೆ ಅಂಟಿದ ಒಳ ಕಾರ್ಟೆಕ್ಸ್ ಎರಡನ್ನೂ ಬೇರೆ ಬೇರೆ ಎಣಿಸಿ. ಇಲಿಯಲ್ಲಿ ಒಳಗಿನವು ಮೊದಲು ಕೆಡುತ್ತವೆ. ಸ್ಲೈಡ್ ನೋಡುವವರಿಗೆ ಯಾವ ಗುಂಪು ಎಂದು ಗೊತ್ತಿರಬಾರದು. ಕಿಡ್ನಿಯ ಗಾತ್ರ ನೋಡಿಯೇ ಮುದಿ ಎಂದು ಊಹಿಸಬಹುದಾದ್ದರಿಂದ, ಡಿಜಿಟಲ್ ಚಿತ್ರ ತೆಗೆದು ಬೆರೆಸಿ ಕೊಡುವುದು ಒಳ್ಳೆಯದು.

ನೆಫ್ರಾನ್ (ಒಂದು ಗ್ಲೊಮೆರುಲಸ್ ಮತ್ತು ಅದರ ಟ್ಯೂಬುಲ್ ಸೇರಿದ ಘಟಕ) ಎಣಿಕೆಗೆ ಬಂದರೆ, ಇಲಿಯ ಒಂದು ಕಿಡ್ನಿಯಲ್ಲಿ ಸುಮಾರು 30,000 ಇರುತ್ತವೆ. ಹುಟ್ಟಿದ ಒಂದೆರಡು ವಾರದೊಳಗೆ ಹೊಸ ನೆಫ್ರಾನ್ ಆಗುವುದು ನಿಂತುಹೋಗುತ್ತದೆ, ಆಮೇಲೆ ಬರೀ ಖರ್ಚು. ಒಂದು ಸೆಕ್ಷನ್ನಿನಲ್ಲಿ ಕಂಡ ಗ್ಲೊಮೆರುಲಸ್ ಎಣಿಸಿ 'ಸಂಖ್ಯೆ ಇಳಿದಿದೆ' ಎಂದರೆ ನಂಬುವಂತಿಲ್ಲ: ದೊಡ್ಡ ಗ್ಲೊಮೆರುಲಸ್ ಹೆಚ್ಚು ಸೆಕ್ಷನ್‌ಗಳಲ್ಲಿ ಸಿಗುತ್ತದೆ, ಚಿಕ್ಕದು ತಪ್ಪಿಸಿಕೊಳ್ಳುತ್ತದೆ. ಜೋಡಿ ಸೆಕ್ಷನ್ ಹೋಲಿಸಿ ಎಣಿಸುವ ಡೈಸೆಕ್ಟರ್ ವಿಧಾನದ ಸ್ಟೀರಿಯಾಲಜಿ ಬೇಕು. ಅದಕ್ಕೆ ಸಮಯವಿಲ್ಲದಿದ್ದರೆ ಎಣಿಕೆಯನ್ನೇ ಬಿಡಿ, ಅರ್ಧಂಬರ್ಧ ಮಾಡಬೇಡಿ.

ಪೋಡೋಸೈಟ್‌ಗಳಿಗೆ ಡಬ್ಲ್ಯುಟಿ-1 ಸ್ಟೇನ್. ಇವು ಗ್ಲೊಮೆರುಲಸ್‌ನ ನಾಳಗಳನ್ನು ಹೊರಗಿನಿಂದ ಹೊದ್ದಿರುವ, ವಿಭಜನೆಯಾಗದ ಕೋಶಗಳು. ಹೊಟ್ಟೆ ತುಂಬ ತಿಂದ ಫಿಶರ್ ಇಲಿಗಳಲ್ಲಿ ಗ್ಲೊಮೆರುಲಸ್ ಹಿಗ್ಗುತ್ತಾ ಹೋಗುತ್ತದೆ. ಅದನ್ನು ಮುಚ್ಚಲು ಇದ್ದಷ್ಟೇ ಪೋಡೋಸೈಟ್‌ಗಳು ದಪ್ಪಗಾಗಿ ಕೊನೆಗೆ ಸೋಲುತ್ತವೆ, ಕಡಿಮೆ ಕ್ಯಾಲರಿಯ ಇಲಿಗಳಲ್ಲಿ ಹೀಗಾಗುವುದಿಲ್ಲ ಎಂದು 2005ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಡೆಸ್ಮಿನ್ ಸ್ಟೇನ್ ಹಾಕಿದರೆ ಬಳಲುತ್ತಿರುವ ಪೋಡೋಸೈಟ್ ಬಣ್ಣ ಹಿಡಿಯುತ್ತದೆ.

ಹಂತ 10: ಮುಪ್ಪಿನ ಗುರುತುಗಳು

ಪಿ16 (ಕೋಶ ವಿಭಜನೆ ತಡೆಯುವ ಪ್ರೋಟೀನ್), ಕ್ಲೋಥೋ (ಮುಪ್ಪಿಗೆ ಸಂಬಂಧಿಸಿದ ಕಿಡ್ನಿಯ ಪ್ರೋಟೀನ್), ಸೆನೆಸೆನ್ಸ್ ಬೀಟಾ-ಗ್ಯಾಲಕ್ಟೊಸಿಡೇಸ್ (ಮುದಿ ಕೋಶಗಳಲ್ಲಿ ಕಾಣುವ ಎಂಜೈಮ್) ಈ ಮೂರು ಸಾಕು. ಪಿ16 ವಯಸ್ಸಿನೊಂದಿಗೆ ಏರುತ್ತದೆ. ಡಿಸ್ಟಲ್ ಟ್ಯೂಬುಲ್‌ನ ಕ್ಲೋಥೋ ಇಳಿಯುತ್ತದೆ, ಆದರೆ ಕಿಡ್ನಿ ರೋಗದಲ್ಲೂ ಅದು ಇಳಿಯುವುದರಿಂದ ಸಿಪಿಎನ್ ದರ್ಜೆಯ ಜೊತೆ ಇಟ್ಟೇ ಓದಬೇಕು. ಬೀಟಾ-ಗ್ಯಾಲಕ್ಟೊಸಿಡೇಸ್‌ಗೆ ಹೆಪ್ಪುಗಟ್ಟಿಸಿದ ಸೆಕ್ಷನ್ ಮತ್ತು ಕರಾರುವಾಕ್ಕಾದ ಪಿಎಚ್ 6.0 ಬೇಕು; ಪಿಎಚ್ ಕೊಂಚ ಇಳಿದರೂ ಸಹಜ ಲೈಸೋಸೋಮ್ ಎಂಜೈಮ್ ನೀಲಿ ಬಣ್ಣ ಕೊಟ್ಟುಬಿಡುತ್ತದೆ. ಫ್ಲೋರೆಸೆನ್ಸ್ ಬಳಸುವುದಿದ್ದರೆ ಮುದಿ ಟ್ಯೂಬುಲ್‌ನ ಲಿಪೊಫ್ಯೂಸಿನ್ (ವಯಸ್ಸಾದಂತೆ ಕೋಶದಲ್ಲಿ ಕೂಡುವ ಬಣ್ಣದ ಕಸ) ತಾನಾಗಿ ಹೊಳೆಯುತ್ತದೆ. ಆಂಟಿಬಾಡಿ ಹಾಕದ ಒಂದು ಸ್ಲೈಡ್ ಯಾವಾಗಲೂ ಪಕ್ಕದಲ್ಲಿರಲಿ, ಸುಡಾನ್ ಬ್ಲ್ಯಾಕ್‌ನಿಂದ ಹೊಳಪು ತಗ್ಗಿಸಬಹುದು.

ಹಂತ 11: ಅಂಕಿಗಳನ್ನು ಓದುವುದು

ಲೆಕ್ಕದ ಘಟಕ ಇಲಿ, ಗ್ಲೊಮೆರುಲಸ್ ಅಲ್ಲ. ಹತ್ತು ಇಲಿಯ ಸಾವಿರ ಗ್ಲೊಮೆರುಲಸ್ ಇಟ್ಟುಕೊಂಡು ಎನ್ (ಮಾದರಿಗಳ ಸಂಖ್ಯೆ) ಬೆಲೆ ಸಾವಿರ ಎಂದು ಹಾಕಿದರೆ ಯಾವ ವ್ಯತ್ಯಾಸವೂ ಮಹತ್ವದ್ದೇ ಆಗುತ್ತದೆ.

ಮುದಿ ಗುಂಪನ್ನು ಸಿಪಿಎನ್ ದರ್ಜೆಯಂತೆ ಎರಡಾಗಿ ಒಡೆದು ನೋಡಿ. ದರ್ಜೆ ಕಡಿಮೆಯಿರುವ ಮುದಿ ಇಲಿಗಳಲ್ಲೂ ಮೂತ್ರ ಗಟ್ಟಿಮಾಡುವ ಶಕ್ತಿ ಕುಂದಿದ್ದರೆ ಅದನ್ನು ಮುಪ್ಪಿನ ಲೆಕ್ಕಕ್ಕೆ ಹಾಕಬಹುದು. ಆಲ್ಬುಮಿನ್ ಸೋರಿಕೆ ಬರೀ ಹೆಚ್ಚಿನ ದರ್ಜೆಯವುಗಳಲ್ಲೇ ಇದ್ದರೆ ಅದು ರೋಗದ ಪಾಲು. ಹತ್ತು ಇಲಿಗೆ ಈ ವಿಂಗಡಣೆ ಕಷ್ಟ ಎನ್ನುವುದು ನಿಜ, ಆದರೆ ಪ್ರತಿ ಇಲಿಯನ್ನೂ ಚುಕ್ಕೆಯಾಗಿ ಗ್ರಾಫಿನಲ್ಲಿ ಹಾಕಿದರೆ ಓದುವವರೇ ನೋಡಿಕೊಳ್ಳುತ್ತಾರೆ. ಸರಾಸರಿಯ ಕಂಬಗಳಲ್ಲಿ ಇದೆಲ್ಲ ಹೂತುಹೋಗುತ್ತದೆ.

ಇನ್ನೊಂದು ವಿಷಯ, 24 ತಿಂಗಳಿಗೆ ಉಳಿದ ಇಲಿಗಳು ಗಟ್ಟಿಮುಟ್ಟಾದವು. ಕಿಡ್ನಿ ಅತಿ ಕೆಟ್ಟವು ಮೊದಲೇ ಸತ್ತಿರುತ್ತವೆ. ಆದ್ದರಿಂದ ನಡುವೆ ಸತ್ತ ಇಲಿಗಳ ಪೋಸ್ಟ್‌ಮಾರ್ಟಂ ಮಾಡಿಸಿ, ಅವುಗಳ ಕಿಡ್ನಿಯನ್ನೂ ಫಾರ್ಮಲಿನ್‌ಗೆ ಹಾಕಿಡಿ. ಎಷ್ಟು ಇಲಿಯಿಂದ ಶುರುಮಾಡಿದಿರಿ, ಯಾವ್ಯಾವುದು ಯಾವ ತಿಂಗಳು ಏತಕ್ಕೆ ಸತ್ತಿತು, ಗಡ್ಡೆಯ ಕಾರಣಕ್ಕೆ ಯಾವುದನ್ನು ಕೈಬಿಟ್ಟಿರಿ ಎಂಬ ಪಟ್ಟಿ ಪ್ರಬಂಧದ ಅನುಬಂಧದಲ್ಲಿ ಇರಲಿ. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವುದು ಅದನ್ನೇ.